ಕೃಷ್ಣಾ-ಘಟಪ್ರಭೆಗಳ ನಡುವಿನ ಕಾಡುಜೀವಿಗಳು

ಘಟಪ್ರಭೆಯ ದಂಡೆಯ ಮೇಲೆ ಒಂದು ಕಾಲಕ್ಕೆ ಘೇಂಡಾಮೃಗಗಳು ಮೇಯುತ್ತಿದ್ದವು ಎಂದರೆ ಮುಧೋಳದ ಪೇಟೆಯಲ್ಲಿ ನಿಂತು ಕೇಳಿದವರು ನಕ್ಕಾರು. ಆದರೆ ಇದು ಕಟ್ಟುಕತೆಯಲ್ಲ. ಭಾರತದ ಭೂವಿಜ್ಞಾನ ಇಲಾಖೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್‌ರು ದಕ್ಷಿಣ ಮರಾಠಾ ಸೀಮೆಯ ಕಲ್ಲು-ಮಣ್ಣುಗಳನ್ನು ಅಳೆಯುತ್ತ ತಿರುಗಾಡಿದಾಗ, ಗೋಕಾಕದ ಹತ್ತಿರ, ಅವರು ಚಿಕ್‌ದೌಲಿ ಎಂದು ಬರೆದಿಟ್ಟ ಹಳ್ಳಿಯ ಹಳ್ಳದ ಮಣ್ಣಿನಲ್ಲಿ, ಕಲ್ಲಾಗಿ ಹೋದ ಎಲುಬು-ಹಲ್ಲುಗಳು ದೊರೆತವು. ಅವು ಘೇಂಡಾಮೃಗದವು. 1874ರಲ್ಲಿ ಅವರು ಅದಕ್ಕೆ ದಖ್ಖನಿನ ಹೆಸರನ್ನೇ ಇಟ್ಟು ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಕರೆದು ಪ್ರಕಟಿಸಿದರು. ಅದು ನಿಜವಾಗಿ ಬೇರೆಯೇ ಜಾತಿಯೋ ಅಲ್ಲವೋ ಎಂಬ ಚರ್ಚೆ ಪಂಡಿತರಿಗೆ ಇರಲಿ. ನಮಗೆ ಮುಖ್ಯವಾದದ್ದು ಇಷ್ಟು: ಭಾರತದ ಘೇಂಡಾ ನೀರು, ಮೈ ಹೊರಳಿಸಲು ಕೆಸರು, ಹೊಟ್ಟೆ ತುಂಬ ಹಸಿರು ಇಲ್ಲದೆ ಬಾಳುವ ಪ್ರಾಣಿಯಲ್ಲ.

ಅದೇ ಹೊಳೆಯ ಕೆಳಗಿನ ದಂಡೆಯಲ್ಲಿ, ಬೀಳಗಿ ತಾಲೂಕಿನ ಅನಗವಾಡಿಯ ಹತ್ತಿರ, ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧಕ ಆರ್. ಎಸ್. ಪಪ್ಪು ಅವರು ಹಳೆಯ ಶಿಲಾಯುಗದ ಕೈಗೊಡಲಿಗಳನ್ನು ಹೊಳೆಯ ಗರಸಿನೊಳಗಿಂದ ತೆಗೆದರು. ಅಂದರೆ ಈ ಸೀಮೆಯ ಹೊಳೆಸಾಲು ಮನುಷ್ಯನಿಗೂ ಮೃಗಕ್ಕೂ ಬಲು ಹಿಂದಿನಿಂದ ವಾಸದ ನೆಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಬಹುಭಾಗ ಉತ್ತರದ ಕೃಷ್ಣೆಗೂ ದಕ್ಷಿಣದ ಘಟಪ್ರಭೆಗೂ ನಡುವೆ ಇರುವ ನಾಡು. ನಮ್ಮ ಇತಿಹಾಸಗಳು ಈ ನಾಡಿನ ರಾಜರನ್ನೂ ಜಾಗೀರುಗಳನ್ನೂ ಹೇಳುತ್ತವೆ. ಇಲ್ಲಿಯ ಹುಲ್ಲೆ-ತೋಳಗಳಿಗೂ ಒಂದು ಇತಿಹಾಸ ಉಂಟೆಂಬುದನ್ನು ಹೇಳಿದವರು ಕಡಿಮೆ.

ಘೇಂಡಾಮೃಗ ಈಗ ಉಳಿದಿರುವ ಸ್ಥಳಗಳಲ್ಲಿ ದೊಡ್ಡದು ಅಸ್ಸಾಮಿನ ಕಾಜಿರಂಗ. ಅಲ್ಲಿಯ ಸಂಗತಿಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ನಾಡಿನ ಕತೆ ಸುಲಭವಾಗಿ ತಿಳಿಯುವದು. ಕಾಜಿರಂಗ ಬ್ರಹ್ಮಪುತ್ರೆಯ ಮಹಾಪೂರದ ಬಯಲು. 1905ರಲ್ಲಿ ಅದನ್ನು ರಕ್ಷಿತಾರಣ್ಯ ಮಾಡಬೇಕೆಂಬ ಪ್ರಸ್ತಾವ ಬಂದಾಗ ಅಲ್ಲಿ ಬೆರಳೆಣಿಕೆಯ ಘೇಂಡಾಗಳು ಉಳಿದಿದ್ದವೆಂದು ಹೇಳುವದುಂಟು. 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 2022ರ ಎಣಿಕೆಯಲ್ಲಿ 2,613 ಘೇಂಡಾಗಳು ಲೆಕ್ಕಕ್ಕೆ ಸಿಕ್ಕವು. ಈ ಏಳಿಗೆಗೆ ಕಾವಲುಗಾರರ ಬಂದೂಕು ಎಷ್ಟು ಕಾರಣವೋ ಹೊಳೆಯ ನೀರೂ ಅಷ್ಟೇ ಕಾರಣ. ಮಳೆಗಾಲದಲ್ಲಿ ಬ್ರಹ್ಮಪುತ್ರೆ ದಂಡೆ ಮೀರಿ ಬಂದು ಬಯಲನ್ನು ಮುಳುಗಿಸುತ್ತದೆ. ಹೊಸ ಮೆಕ್ಕಲು ಬೀಳುತ್ತದೆ, ಕೆರೆ-ಮಡುಗಳಲ್ಲಿ ಹೆಪ್ಪುಗಟ್ಟಿದ ಜಲಕಳೆ ಕೊಚ್ಚಿ ಹೋಗುತ್ತದೆ, ಮೀನು ತುಂಬುತ್ತದೆ. ನೀರು ಇಳಿದ ಮೇಲೆ ಆನೆ ಮುಚ್ಚುವಷ್ಟು ಎತ್ತರದ ಹುಲ್ಲು ಎದ್ದು ನಿಲ್ಲುತ್ತದೆ. ಮಹಾಪೂರ ನಿಂತರೆ ಕೆಲವು ದಶಕಗಳಲ್ಲಿ ಆ ಹುಲ್ಲಿನ ಬಯಲು ಗಿಡಗಂಟಿಯಾಗಿ ಹೋದೀತು.

ಹಾಗಾದರೆ ನೀರು ಏರಿದ ದಿನಗಳಲ್ಲಿ ಪ್ರಾಣಿಗಳು ಎಲ್ಲಿ ಹೋಗುತ್ತವೆ? ದಕ್ಷಿಣಕ್ಕಿರುವ ಕಾರ್ಬಿ ಆಂಗ್ಲಾಂಗ್ ಗುಡ್ಡಗಳಿಗೆ ಏರುತ್ತವೆ. ನಡುವೆ ಹೆದ್ದಾರಿಯೊಂದು ಅಡ್ಡ ಬಂದಿದೆ. ಮಹಾಪೂರದ ಕಾಲಕ್ಕೆ ಅರಣ್ಯ ಇಲಾಖೆಯವರು ಆ ದಾರಿಯಲ್ಲಿ ಬರುವ ಪ್ರತಿ ಗಾಡಿಗೆ ಹೊತ್ತು ಬರೆದ ಚೀಟಿ ಕೊಡುತ್ತಾರೆ; ಮುಂದಿನ ಠಾಣೆಯನ್ನು ಬೇಗ ಮುಟ್ಟಿದವನು ವೇಗ ಮಾಡಿದನೆಂದು ಲೆಕ್ಕ, ಅವನಿಗೆ ದಂಡ. ಉದ್ಯಾನದೊಳಗೆ ಮಣ್ಣು ಹಾಕಿ ದಿಬ್ಬಗಳನ್ನೂ ಎತ್ತರಿಸಿದ್ದಾರೆ. ಇಷ್ಟಾದರೂ 2024ರ ಜುಲೈ ತಿಂಗಳಿನ ಮಹಾಪೂರದಲ್ಲಿ ನೂರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಹೊಳೆಬಯಲಿನ ಪ್ರಾಣಿಗೆ ಬಯಲು ಎಷ್ಟು ಬೇಕೋ, ಹೊಳೆ ಏರಿದಾಗ ಸರಿದು ನಿಲ್ಲುವ ಎತ್ತರದ ನೆಲವೂ ಅಷ್ಟೇ ಬೇಕು. ಈ ಮಾತು ನೆನಪಿರಲಿ; ನಮ್ಮ ಸೀಮೆಗೆ ಇದು ಬೇರೊಂದು ರೀತಿಯಲ್ಲಿ ಅನ್ವಯಿಸುವದು.

ಈಗ ನಮ್ಮ ಹೊಳೆಗಳಿಗೆ ಬರೋಣ. ಕೃಷ್ಣೆ ಹುಟ್ಟುವದು ಮಹಾಬಳೇಶ್ವರದಲ್ಲಿ, ಘಟಪ್ರಭೆ ಹುಟ್ಟುವದು ಸಹ್ಯಾದ್ರಿಯ ಮಳೆಕಾಡಿನಲ್ಲಿ. ನಮ್ಮ ನೆತ್ತಿಯ ಮೇಲಿನ ಆಕಾಶ ಮಾತ್ರ ಜಿಪುಣ; ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬಿದ್ದರೆ ಅದೇ ಒಳ್ಳೆಯ ವರ್ಷ. ಆದ್ದರಿಂದ ಇಲ್ಲಿಯದೊಂದು ವಿಚಿತ್ರ: ಊರಲ್ಲಿ ಮೋಡವಿಲ್ಲದ ದಿನವೂ ಹೊಳೆ ತುಂಬಿ ಬರುವದು. ಹೊಲ ಒಣಗುತ್ತಿರುವಾಗಲೇ ಹೊಳೆದಂಡೆಯ ಮನೆ ಮುಳುಗುವದು. 2005, 2009 ಮತ್ತು 2019ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ನಾಡಿನ ನೆಲವನ್ನು ನಮ್ಮ ರೈತರು ಮೂರಾಗಿ ಗುರುತಿಸುತ್ತಾರೆ. ಹೊಳೆಯ ಬದಿಗಿರುವ ಮೆಕ್ಕಲಿನದು ಹೊಳೆಸಾಲು. ಅದರಾಚೆ ಜೋಳ-ಹತ್ತಿ ಬೆಳೆಯುವ ಕರಿಯ ಎರೆ. ಅದಕ್ಕೂ ಮೇಲೆ ಕಲ್ಲು-ಗರಸಿನ ಮಡ್ಡಿ. ಬೀಳಗಿ, ಮುಧೋಳಗಳ ಗುಡ್ಡಗಳು ಫೂಟ್‌ರು ಕಲಾದಗಿಯ ಹೆಸರಿಟ್ಟ ಪುರಾತನ ಶಿಲೆಯವು. ಕಾಡುಜೀವಿಗಳೂ ಈ ಮೂರು ನೆಲಗಳನ್ನು ಹಂಚಿಕೊಂಡಿದ್ದವು. ಹೊಳೆಯ ಮಡುಗಳಲ್ಲಿ ಮೊಸಳೆ. ಅದು ಈಗಲೂ ಇದೆ, ಬೇಸಿಗೆಯಲ್ಲಿ ನೀರು ಬತ್ತಿದರೆ ಒಮ್ಮೊಮ್ಮೆ ಹೊಲಕ್ಕೆ ಬಂದು ಜನರನ್ನು ಗಾಬರಿಪಡಿಸುವದು. ಎರೆಯ ಬಯಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಬಸ್ಸಿಗೆ ಈ ಹೆಸರನ್ನಿಟ್ಟದ್ದರಿಂದ ಪೇಟೆಯ ಮಕ್ಕಳಿಗೂ ಶಬ್ದ ಪರಿಚಯವಾಗಿದೆ, ಪ್ರಾಣಿಯ ಪರಿಚಯ ಇಲ್ಲದಿದ್ದರೂ. ಎರೆಯ ಹೆಸರನ್ನೇ ಹೊತ್ತ ಹಕ್ಕಿಯೊಂದು ಉಂಟು: ಎರ್ಲಡ್ಡು. ಮನುಷ್ಯನ ಸೊಂಟದ ಮೇಲಕ್ಕೆ ಬರುವ ಎತ್ತರ, ಹಾರುವ ಹಕ್ಕಿಗಳಲ್ಲಿ ಬಹು ಭಾರವಾದವುಗಳಲ್ಲಿ ಒಂದು. ಕರ್ನಾಟಕದಲ್ಲಿ ಅದು ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ ಬೆರಳೆಣಿಕೆಗೆ ಇಳಿದಿದೆ.

ಮಡ್ಡಿಯ ಒಡೆಯ ಮಾತ್ರ ಚಿಂಕಾರ. ಇದನ್ನು ಚಿಗರಿಯೆಂದು ತಪ್ಪು ತಿಳಿಯುವವರೇ ಹೆಚ್ಚು. ಚಿಗರಿಯ ಗಂಡಿಗೆ ಸುರುಳಿಯಾಗಿ ಏರಿದ ಕೋಡು, ಕಪ್ಪು ಬೆನ್ನು. ಅದು ಬಯಲಿನಲ್ಲಿ ಹಿಂಡುಗಟ್ಟಿ ಇರುವದು. ಚಿಂಕಾರದ ಮೈ ಮಣ್ಣಿನ ಬಣ್ಣದ್ದು, ಭುಜದ ಎತ್ತರ ಎರಡಡಿಗೆ ತುಸು ಹೆಚ್ಚು, ತೂಕ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ; ಹೆಣ್ಣಿಗೂ ಸಣ್ಣ ಕೋಡು ಉಂಟು. ಎರಡೋ ಮೂರೋ ನಾಲ್ಕೋ ಸೇರಿ ಇರುವದೇ ಹೊರತು ದೊಡ್ಡ ಹಿಂಡು ಕಟ್ಟುವದಿಲ್ಲ. ಅಂಜಿದಾಗ ಗಿಡ್ಡ ಕಪ್ಪು ಬಾಲವನ್ನು ಪಟಪಟನೆ ಆಡಿಸುವದು. ಜೆರ್ಡನ್ ಎಂಬ ವೈದ್ಯರು 1867ರಲ್ಲಿ ಹೊರತಂದ ಭಾರತದ ಸಸ್ತನಿಗಳ ಪುಸ್ತಕದಲ್ಲಿ ಇದರ ದೇಶೀ ಹೆಸರುಗಳನ್ನು ಕೂಡಿಸಿದ್ದಾರೆ. ಕನ್ನಡದಲ್ಲಿ ತಿಸ್ಕ, ಬುದರಿ, ಮುದರಿ. ಮೈಸೂರಿನ ಕಡೆಗೆ ಸಂಕಹುಲ್ಲೆ. ಮರಾಠಿಯಲ್ಲಿ ಕಪ್ಪು ಬಾಲದ್ದು ಎಂಬ ಅರ್ಥದ ಹೆಸರು. ಒಂದೇ ಪ್ರಾಣಿಗೆ ಕನ್ನಡದಲ್ಲಿ ಇಷ್ಟು ಹೆಸರುಗಳಿದ್ದವೆಂದರೆ ಅದನ್ನು ದಿನಾಲು ಕಾಣುತ್ತಿದ್ದವರು ಬಹಳ ಜನ ಇದ್ದರೆಂದೇ ಅರ್ಥ. ಆ ಹೆಸರುಗಳು ಇಂದು ಎಷ್ಟು ಜನರ ಬಾಯಲ್ಲಿ ಉಳಿದಿವೆ? ನಾವು ಹಿಂದಿಯಿಂದ ಬಂದ ಚಿಂಕಾರ ಎಂಬ ಹೆಸರನ್ನೇ ಬಳಸುತ್ತೇವೆ.

ಈ ಪ್ರಾಣಿಯ ವಿಶೇಷವೆಂದರೆ ನೀರಿನ ವಿಷಯದಲ್ಲಿ ಅದರ ಸಂಯಮ. ಎಲೆ, ಚಿಗುರು, ಕಾಯಿಗಳೊಳಗಿನ ತೇವ, ಬೆಳಗಿನ ಇಬ್ಬನಿ ಇಷ್ಟರಿಂದಲೇ ಅದು ಬಹಳ ದಿನ ಕಳೆಯಬಲ್ಲದು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಹೊಳೆಗೆ ಇಳಿಯದೆ ಬದುಕುವ ಪ್ರಾಣಿ ಇದು. ಘೇಂಡಾಮೃಗ ಹೋಗಿ ಚಿಂಕಾರ ನಿಂತಿತು ಎಂಬಲ್ಲಿ ಈ ನಾಡು ಹೇಗೆ ಒಣಗುತ್ತ ಬಂದಿತೆಂಬ ಬಹುಕಾಲದ ಚರಿತ್ರೆ ಅಡಗಿದೆ. ಚಿಂಕಾರದ ಬೆನ್ನಿಗೆ ತೋಳ, ಪಟ್ಟೆಗಳುಳ್ಳ ಕತ್ತೆಕಿರುಬ, ನರಿ, ಮೊಲ. ಇವರೆಲ್ಲರ ನಡುವೆ ಕುರಿಹಿಂಡು ಹೊಡೆದುಕೊಂಡು ತಿರುಗುವ ಕುರುಬ. ಮಡ್ಡಿಯ ಸಂಸಾರ ಇದು.

ಬೇಟೆಯ ಮಾತಿಲ್ಲದೆ ಸಂಸ್ಥಾನಗಳ ಮಾತು ಮುಗಿಯದು. ಹಿಂದಿನ ಕಾಲಕ್ಕೆ ಈ ಪುಟ್ಟ ನಾಡು ಹಲವರಿಗೆ ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿಯ ಸೀಮೆ ಇಂಗ್ಲಿಷರ ಜಿಲ್ಲೆಗೆ ಸೇರಿದ್ದು. ಹುಲ್ಲೆಗೆ ಈ ಗಡಿಗಳೇನು ಗೊತ್ತು? ಬೆಳಿಗ್ಗೆ ಒಬ್ಬ ದೊರೆಯ ಪ್ರಜೆ, ಸಂಜೆಗೆ ಇನ್ನೊಬ್ಬನದು! ನೆರೆಯ ಕೊಲ್ಹಾಪುರದ ಅರಮನೆಯವರು ಪಳಗಿಸಿದ ಚೀತಾಗಳನ್ನು ಸಾಕಿ ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ಆ ಚೀತಾ ಭಾರತದ ಕಾಡಿನಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು.

ಮುಧೋಳದ ಮನೆತನಕ್ಕೂ ಕಾಡುಜೀವಿಗೂ ಹೆಸರಿನಿಂದಲೇ ನಂಟು. ಮರಾಠಿಯಲ್ಲಿ ಘೋರಪಡ ಎಂದರೆ ಉಡ. ಬಹಮನಿ ಸುಲ್ತಾನರ ಕಾಲಕ್ಕೆ ಈ ಮನೆತನದ ಹಿರಿಯರು ಉಡಕ್ಕೆ ಹಗ್ಗ ಕಟ್ಟಿ, ಅದರ ಹಿಡಿತದ ಬಲದಿಂದ ಕೋಟೆಯ ಗೋಡೆ ಏರಿ ಗೆದ್ದರೆಂದೂ, ಆಗ ಬಂದ ಬಿರುದೇ ಘೋರ್ಪಡೆ ಎಂದೂ ಐತಿಹ್ಯ. ಉಡದ ಹಗ್ಗದ ಕತೆಯನ್ನು ಇನ್ನೂ ಕೆಲವು ಕೋಟೆಗಳ ಬಗ್ಗೆ ಹೇಳುತ್ತಾರೆ. ಅದನ್ನು ಎಷ್ಟು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು.

ನಂಬಲೇಬೇಕಾದದ್ದು ಮುಧೋಳದ ನಾಯಿ. ಬಡಕಲು ಸೊಂಟ, ಆಳವಾದ ಎದೆಗೂಡು, ನೀಳ ಕಾಲು, ಉದ್ದ ಮೂತಿ. ವಾಸನೆ ಹಿಡಿದು ಹೋಗುವ ನಾಯಿಯಲ್ಲ ಇದು, ಕಣ್ಣಿನಿಂದ ಬೇಟೆಯಾಡುವ ನಾಯಿ. ಇಂಥ ಮೈಕಟ್ಟು ದಟ್ಟ ಕಾಡಿನಲ್ಲಿ ಉಪಯೋಗಕ್ಕೆ ಬಾರದು. ದೂರದವರೆಗೆ ಕಾಣುವ ತೆರೆದ ಬಯಲು ಬೇಕು. ಮುಂದೆ ಮೊಲವೋ ಹುಲ್ಲೆಯೋ ಜೀವ ಹಿಡಿದು ಓಡುತ್ತಿರಬೇಕು. ಆದ್ದರಿಂದ ಈ ನಾಯಿಯ ಒಡಲನ್ನು ಈ ನಾಡಿನ ಹಳೆಯ ದಾಖಲೆಯೆಂದು ಓದಿದರೆ ತಪ್ಪಲ್ಲ. ಎಂಥ ಬಯಲು ಇತ್ತು, ಅದರಲ್ಲಿ ಎಂಥ ವೇಗದ ಪ್ರಾಣಿಗಳಿದ್ದವು ಎಂಬುದು ಅದರ ಪಕ್ಕೆಲುಬುಗಳಲ್ಲಿ ಬರೆದಿದೆ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಕೈಯಲ್ಲಿ ಉಳಿದಿದ್ದ ಈ ತಳಿಯನ್ನು ಆರಿಸಿ ಬೆಳೆಸಿದರು. ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸೈನ್ಯದವರೂ ಈ ನಾಯಿಯನ್ನು ಒಯ್ದು ಪಳಗಿಸಿದ್ದಾರೆ. ಬೇಟೆನಾಯಿಗೆ ಸಂದ ಈ ಗೌರವ ಸರಿಯಾದದ್ದೇ. ಆದರೆ ಆ ನಾಯಿಯನ್ನು ಓಡಿಸಿ ಓಡಿಸಿ ಹೀಗೆ ರೂಪಿಸಿದ ಹುಲ್ಲೆಯ ಬಗ್ಗೆ ಅರ್ಧದಷ್ಟು ಕಾಳಜಿಯನ್ನೂ ನಾವು ತೋರಿಸಲಿಲ್ಲವೆಂಬುದು ನನ್ನ ತಕರಾರು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಂಕಾರಕ್ಕೂ ಕೃಷ್ಣಮೃಗಕ್ಕೂ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ ಕೊಟ್ಟಿತು. ಕಾಗದದ ಮೇಲೆ ಬೇಟೆ ನಿಂತಿತು. ಆದರೆ ಅಷ್ಟರೊಳಗೆ ಹುಲ್ಲೆಗೆ ಬಂದೂಕಿಗಿಂತ ದೊಡ್ಡ ಎದುರಾಳಿಯೊಂದು ಸಿದ್ಧವಾಗುತ್ತಿತ್ತು. ಅದು ನೀರು.

ಹೀಗೆಂದಾಗ ಯಾರೂ ಬೇಸರಪಡಬಾರದು. ಬರಗಾಲ ಉಂಡು ಬೆಳೆದ ನಾಡಿಗೆ ನೀರು ಬಂದದ್ದು ಸಣ್ಣ ಭಾಗ್ಯವಲ್ಲ. ಸರಕಾರಕ್ಕಾಗಿ ಕಾಯದೆ ಜಮಖಂಡಿಯ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂಬ ಅದರ ಹೆಸರು ಸುಮ್ಮನೆ ಬಂದದ್ದಲ್ಲ. ರಬಕವಿ-ಬನಹಟ್ಟಿಯ ಮೇಲ್ಗಡೆ ಹಿಪ್ಪರಗಿಯಲ್ಲಿ ಇನ್ನೊಂದು ಬ್ಯಾರೇಜು ಆಯಿತು. ಘಟಪ್ರಭೆಗೆ ಹಿಡಕಲ್ಲಿನ ಜಲಾಶಯ ಬಂತು. ಬೇಸಿಗೆಯಲ್ಲಿ ಮರಳಾಗಿ ಒಣಗುತ್ತಿದ್ದ ಪಾತ್ರದಲ್ಲಿ ನೀರು ನಿಂತಿತು. ಪಂಪುಗಳು ಅದನ್ನು ಎರೆಗೆ ಏರಿಸಿದವು, ಎರೆಯಿಂದ ಮಡ್ಡಿಯ ಅಂಚಿಗೆ ಏರಿಸಿದವು. ಜೋಳ ಹೋಗಿ ಕಬ್ಬು ಬಂತು. ಜೋಳದ ಹೊಲ ಸುಗ್ಗಿಯಾದ ಮೇಲೆ ಮತ್ತೆ ಬಯಲು; ಚಿಗರಿಗೆ ಅಲ್ಲಿ ಮೇಯಲು, ಓಡಲು ಎಡೆಯಿತ್ತು. ಕಬ್ಬು ವರ್ಷವಿಡೀ ಗೋಡೆಯಂತೆ ನಿಲ್ಲುವದು. ಕಾಡುಹಂದಿಗೂ ನರಿಗೂ ಅದು ಅಡಗುದಾಣ. ದೂರ ನೋಡಿ ಓಡಿ ಬದುಕುವ ಹುಲ್ಲೆಗೆ ಅದು ಸೆರೆಮನೆ.

ಇನ್ನು ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕಟ್ಟೆ 2005ಕ್ಕೆ ಪೂರ್ಣಗೊಂಡಿತು. ಹಿನ್ನೀರು ಬಾಗಲಕೋಟೆಯ ಹಳೆಯ ಪೇಟೆಯ ಭಾಗವನ್ನೂ ಬೀಳಗಿ ಸೀಮೆಯ ಹೊಳೆಸಾಲಿನ ಊರುಗಳನ್ನೂ ಎಬ್ಬಿಸಿತು. ಮನುಷ್ಯರು ಎದ್ದುಹೋದಲ್ಲಿ ಹಕ್ಕಿಗಳು ಬಂದು ಇಳಿದವು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತು ಬರುವದು. ಹಿನ್ನೀರು ಹಿಂದೆ ಸರಿದು ಕೆಸರು ತೆರೆದಂತೆ ರಾಜಹಂಸಗಳ ಸಾಲು ಕಾಣುವದು. ಕೊಕ್ಕನ್ನು ತಲೆಕೆಳಗಾಗಿ ಕೆಸರುನೀರಿನಲ್ಲಿ ಆಡಿಸಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಅವುಗಳ ಊಟದ ರೀತಿಯೇ ಒಂದು ಸೋಜಿಗ. ಬಣ್ಣದ ಕೊಕ್ಕರೆಗಳೂ ಉಂಟು. ಮೇಲ್ಗಡೆ ಗೋಕಾಕ ತಾಲೂಕಿನಲ್ಲಿ ಧೂಪದಾಳದ ಒಡ್ಡಿನ ಹಿನ್ನೀರು ಇದಕ್ಕೂ ಮೊದಲೇ ಹಕ್ಕಿಗಳ ನೆಲೆಯಾಗಿತ್ತು. 1974ರಲ್ಲಿ ಅದನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಿದರು. ಮನುಷ್ಯ ಕಟ್ಟಿದ ಕಟ್ಟೆಯೇ ಹೀಗೆ ಒಂದು ಹೊಸ ಹೊಳೆಬಯಲನ್ನು ಮಾಡಿಕೊಟ್ಟಿತು. ಆದರೆ ಬ್ರಹ್ಮಪುತ್ರೆಯ ಬಯಲಿಗೂ ಇದಕ್ಕೂ ವ್ಯತ್ಯಾಸ ಉಂಟು. ಅಲ್ಲಿ ನೀರು ಏರುವದು-ಇಳಿಯುವದು ಮಳೆಯ ಮಾತಿನಂತೆ; ಇಲ್ಲಿ ಕಟ್ಟೆಯ ಬಾಗಿಲಿನ ಮಾತಿನಂತೆ. ಹಕ್ಕಿಗೆ ರೆಕ್ಕೆ ಇದೆ, ಅದು ಹೊಂದಿಕೊಂಡಿತು.

ರೆಕ್ಕೆಯಿಲ್ಲದ ಚಿಂಕಾರಕ್ಕೆ ಉಳಿದದ್ದು ಮೇಲಿನ ಮಡ್ಡಿ. ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹರಡಿದ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಅವು ನೆಲೆ ನಿಂತಿದ್ದವು. 2016ರಲ್ಲಿ ರಾಜ್ಯ ಸರಕಾರ ಅಲ್ಲಿಯ 96 ಚದರ ಕಿಲೋಮೀಟರಿನಷ್ಟು ನೆಲವನ್ನು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಚಿಂಕಾರದ ಹೆಸರಿನಲ್ಲಿ ಕರ್ನಾಟಕದಲ್ಲಿ ಆದ ಮೊದಲ ಧಾಮ ಇದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ್ದು 2019ರಲ್ಲಿ ಬಂತು. ಹುಲಿ-ಆನೆಗಳಿಲ್ಲದ, ಎತ್ತರದ ಮರಗಳಿಲ್ಲದ ಮುಳ್ಳುಕಂಟಿಯ ನೆಲವನ್ನು ‘ಬೀಳು’ ಎಂದು ಬರೆಯುವದೇ ನಮ್ಮ ದಫ್ತರಗಳ ರೂಢಿಯಾಗಿತ್ತು. ಆ ನೆಲಕ್ಕೂ ಒಡೆಯರಿದ್ದಾರೆಂದು ಸರಕಾರ ಒಪ್ಪಿಕೊಂಡದ್ದು ಈ ಸೀಮೆಯ ಚರಿತ್ರೆಯಲ್ಲಿ ಹೊಸ ಸಂಗತಿ.

ಕಾಜಿರಂಗದ ಎತ್ತರದ ನೆಲದ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಹೇಳಿದ್ದು ಇದಕ್ಕಾಗಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವದು 519.6 ಮೀಟರಿನವರೆಗೆ. ನ್ಯಾಯಮೂರ್ತಿ ಬೃಜೇಶ್ ಕುಮಾರರ ಅಧ್ಯಕ್ಷತೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಏರಿಕೆ ಹದಿನೈದು ಅಡಿಯಷ್ಟು. ಆದರೆ ಸಪಾಟು ನೆಲದಲ್ಲಿ ಹದಿನೈದು ಅಡಿ ನೀರು ಬಹಳ ದೂರ ಹೋಗುವದು. ಮುಳುಗುವ ಜಮೀನು 75 ಸಾವಿರ ಎಕರೆಯಷ್ಟು. 2025ರ ಸಪ್ಟಂಬರದಲ್ಲಿ ರಾಜ್ಯದ ಸಚಿವ ಸಂಪುಟ ಎಕರೆಗೆ ನೀರಾವರಿಗಾದರೆ 40 ಲಕ್ಷ, ಒಣಬೇಸಾಯಕ್ಕಾದರೆ 30 ಲಕ್ಷ ರೂಪಾಯಿ ಪರಿಹಾರವೆಂದು ಗೊತ್ತುಪಡಿಸಿತು. ಎರಡನೆಯ ಸಲ ಮನೆ ಬಿಡಬೇಕಾದ ಕುಟುಂಬಗಳ ಸಂಕಟದ ಎದುರು ಹುಲ್ಲೆಯ ಮಾತು ಹಗುರವೆಂದು ಕೆಲವರಿಗೆ ತೋರೀತು. ಆದರೆ ಎರಡೂ ಒಂದೇ ಮಾತು. ನೀರು ಏರಿದಾಗ ಹೊಳೆಸಾಲಿನವನು ಎರೆಗೆ ಸರಿಯುತ್ತಾನೆ, ಎರೆಯವನು ಮಡ್ಡಿಗೆ. ಹೊಸ ಊರು, ಹೊಸ ದಾರಿ, ಹೊಸ ಕಾಲುವೆ ಎಲ್ಲಕ್ಕೂ ನೆಲ ಬೇಕು. ಆ ನೆಲ ಸಿಗುವದು ಎತ್ತರದಲ್ಲಿಯೇ. ಅಲ್ಲಿ ಚಿಂಕಾರ ಈಗಾಗಲೇ ನಿಂತಿದೆ. ಅದಕ್ಕೆ ಇನ್ನೂ ಮೇಲೆ ಸರಿಯಲು ಗುಡ್ಡ ಉಳಿದಿಲ್ಲ.

ಯಡಹಳ್ಳಿಯ ಗಡಿಗುರುತು ಹಾಕಿದ್ದರಿಂದಲೇ ಕೆಲಸ ಮುಗಿಯದು. ಚಿಂಕಾರ, ತೋಳಗಳೆರಡೂ ರಾತ್ರಿ-ಬೆಳಗಿನಲ್ಲಿ ಧಾಮದ ಹೊರಗಿನ ಮಡ್ಡಿಗಳಿಗೆ, ಒಣಬೇಸಾಯದ ಹೊಲಗಳಿಗೆ ಹೋಗಿಬರುವ ಪ್ರಾಣಿಗಳು. ಪುನರ್ವಸತಿಯ ನಕಾಶೆ ಬರೆಯುವವರ ಮೇಜಿನ ಮೇಲೆ ಆ ದಾರಿಗಳ ನಕಾಶೆಯೂ ಇರಬೇಕು. ಕಾಲುವೆ ತೋಡುವಲ್ಲಿ ಪ್ರಾಣಿ ದಾಟುವಷ್ಟು ಅಗಲದ ಸೇತುವೆಯನ್ನು ಮೊದಲೇ ಕಟ್ಟುವದಕ್ಕೂ, ತೋಡಿದ ಮೇಲೆ ಬಿದ್ದು ಸತ್ತ ಹುಲ್ಲೆಗಳನ್ನು ಎಣಿಸಿ ಆಮೇಲೆ ಕಟ್ಟುವದಕ್ಕೂ ಖರ್ಚಿನಲ್ಲಿ ಅಜಗಜಾಂತರ. ತೋಳ ಹಿಡಿದ ಕುರಿಯ ಹಣ ಕುರುಬನ ಕೈಗೆ ಹದಿನೈದು ದಿನದೊಳಗೆ ಬರುವಂತಾದರೆ ಅವನು ವಿಷದ ಬಟ್ಟಲಿಗೆ ಕೈಹಾಕಲಾರನು. ಮಡ್ಡಿಯ ಮೇಲೆ ನೀಲಗಿರಿ, ಜಾಲಿಗಳನ್ನು ಸಾಲುಹಿಡಿದು ನೆಟ್ಟು ‘ಕಾಡು ಬೆಳೆಸಿದೆವು’ ಎನ್ನುವ ಉತ್ಸಾಹವನ್ನು ಮಾತ್ರ ಯಡಹಳ್ಳಿಯಿಂದ ದೂರ ಇಡಬೇಕು. ಹುಲ್ಲು-ಕುರುಚಲಿನ ನೆಲ ಮರದ ನೆರಳಾದರೆ ಚಿಂಕಾರಕ್ಕೆ ಅದು ಕಬ್ಬಿನ ಹೊಲಕ್ಕಿಂತ ಬೇರೆಯಲ್ಲ. ಇವೆಲ್ಲ ಮಾಡಲಾಗದ ಕೆಲಸಗಳಲ್ಲ. ಹದಿನೈದು ಅಡಿ ನೀರು ಏರುವ ಮೊದಲು ಆಗಬೇಕಾದವು, ಅಷ್ಟೇ.